ರಾತ್ರಿ ಹನ್ನೊಂದರ ಕಾಫಿ



ಪರೀಕ್ಷೆ ಹತ್ತಿರವಾಗುತ್ತಿರುವ ದಿನಗಳ ಒಂದು ರಾತ್ರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಗಂಟೆ ಹನ್ನೊಂದಾಗಿದೆ. ಬೀದಿಯ ಸದ್ದು ಅಡಗಿದೆ. ಮನೆಯ ಒಂದು ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಹತ್ತನೆಯ ತರಗತಿಯ ಮಗ ಪುಸ್ತಕದ ಮುಂದೆ ಕುಳಿತು ತೂಕಡಿಸುತ್ತಿದ್ದಾನೆ. ದಿನವೆಲ್ಲ ದುಡಿದ ತಾಯಿ ಅಡುಗೆಮನೆಗೆ ಹೋಗಿ, ಫಿಲ್ಟರಿನಲ್ಲಿ ಉಳಿದ ಡಿಕಾಕ್ಷನ್‌ಗೆ ಬಿಸಿ ಹಾಲು ಬೆರೆಸಿ, ಸಕ್ಕರೆ ಸ್ವಲ್ಪ ಜಾಸ್ತಿಯೇ ಹಾಕಿ, ಲೋಟವನ್ನು ತಂದು ಅವನ ಮುಂದಿಡುತ್ತಾಳೆ. "ಇದನ್ನು ಕುಡಿ ಮಗಾ, ನಿದ್ದೆ ಹೋಗುತ್ತೆ. ಇನ್ನೊಂದು ಪಾಠ ಮುಗಿಸಿ ಮಲಗುವೆಯಂತೆ" ಎನ್ನುತ್ತಾಳೆ.

ಇದು ನಿಮ್ಮ ಮನೆಯ ದೃಶ್ಯವೇ ಇರಬಹುದು. ಕಾಫಿಯ ಬದಲು ಚಹಾ ಇರಬಹುದು, ಮಗನ ಬದಲು ಮಗಳಿರಬಹುದು. ಆ ಲೋಟದಲ್ಲಿ ತಾಯಿಯ ಪ್ರೀತಿ ಇದೆ ಎನ್ನುವುದರಲ್ಲಿ ಎರಡು ಮಾತಿಲ್ಲ. ಮಗನಿಗಾಗಿ ಅವಳೂ ನಿದ್ದೆಗೆಟ್ಟಿದ್ದಾಳೆ. ಹಾಗಿದ್ದರೂ ಆ ಲೋಟದ ಬಗ್ಗೆ ಒಂದು ಪ್ರಶ್ನೆ ಕೇಳಬೇಕು ಎನಿಸುತ್ತದೆ. ಅಲ್ಲಿ ನಾವು ಮಗುವಿಗೆ ಏನನ್ನು ಕೊಡುತ್ತಿದ್ದೇವೆ? ಏನನ್ನು ತೆಗೆದುಕೊಳ್ಳುತ್ತಿದ್ದೇವೆ?

"ಕಾಫಿಯಂಥ ಸಣ್ಣ ವಿಷಯಕ್ಕೂ ನೀತಿಪಾಠ ಬೇಕೇ?" ಎಂದು ನೀವು ನಗಬಹುದು. ಹೊರಗೆ ಗಾಂಜಾ, ಗುಟ್ಕಾ, ಹೆಂಡ ಎಲ್ಲವೂ ಮಕ್ಕಳನ್ನು ಕಾಯುತ್ತಿರುವಾಗ ಕಾಫಿಯ ಮಾತೇಕೆ ಎನ್ನಬಹುದು. ನ್ಯಾಯವಾದ ಮಾತೇ. ಆದರೆ ಗುಟ್ಕಾವನ್ನು ನಾವು ಕೈಯಾರೆ ಮಗುವಿಗೆ ಕೊಡುವುದಿಲ್ಲ. ಕಾಫಿಯನ್ನು ಕೊಡುತ್ತೇವೆ. ಆದ್ದರಿಂದಲೇ ಇದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಕಾಫಿ ಕೆಟ್ಟದ್ದೇ?

ಜಗದ್ಗುರು ಎಂಟನೆಯ ಕ್ಲೆಮೆಂಟರ ಬಗ್ಗೆ ಒಂದು ಕಥೆಯಿದೆ. ಅವರು 1592ರಿಂದ 1605ರವರೆಗೆ ಪೋಪರಾಗಿದ್ದವರು. ಆ ಕಾಲದಲ್ಲಿ ಕಾಫಿ ಯೂರೋಪಿಗೆ ಹೊಸದು, ಮುಸಲ್ಮಾನರ ನಾಡುಗಳಿಂದ ಬಂದದ್ದು. ಇದು ಸೈತಾನನ ಪಾನೀಯ, ಇದನ್ನು ನಿಷೇಧಿಸಬೇಕು ಎಂದು ಕೆಲವರು ಅವರಲ್ಲಿ ಬೇಡಿಕೊಂಡರಂತೆ. ಜಗದ್ಗುರುಗಳು ಒಂದು ಬಟ್ಟಲು ತರಿಸಿ, ರುಚಿ ನೋಡಿ, ಇಷ್ಟು ಒಳ್ಳೆಯದನ್ನು ಸೈತಾನನಿಗೆ ಬಿಟ್ಟುಕೊಡುವುದೇಕೆ ಎಂದು ನಕ್ಕರಂತೆ. ಈ ಕಥೆಗೆ ಚರಿತ್ರೆಯ ಗಟ್ಟಿ ಆಧಾರವಿಲ್ಲ. ಆದರೂ ಅದರಲ್ಲೊಂದು ಒಳ್ಳೆಯ ಬುದ್ಧಿಯಿದೆ. ಭೂಮಿಯಲ್ಲಿ ಬೆಳೆಯುವ ಒಂದು ಕಾಳು ತಾನಾಗಿ ಪಾಪವೂ ಅಲ್ಲ, ಪುಣ್ಯವೂ ಅಲ್ಲ.

ನಮ್ಮ ನಾಡಿಗೂ ಕಾಫಿ ಬಂದದ್ದು ಒಬ್ಬ ಸೂಫಿ ಸಂತರ ಕೈಯಿಂದ ಎಂಬ ಪ್ರತೀತಿ ಇದೆ. ಬಾಬಾ ಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಮೆಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರಂತೆ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇಕಡ 70 ಭಾಗ ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಎಷ್ಟೋ ಕುಟುಂಬಗಳು ಆ ಬೆಳೆಯಿಂದ ಅನ್ನ ಉಣ್ಣುತ್ತಿವೆ. ಈ ಪುಟವನ್ನು ಓದುತ್ತಿರುವವರಲ್ಲಿ ತೋಟದ ಕೆಲಸದಿಂದ ಮಕ್ಕಳನ್ನು ಓದಿಸಿದವರೂ ಇದ್ದಾರು. ಮನೆಗೆ ಬಂದವರಿಗೆ "ಕಾಫಿ ಕುಡಿದೇ ಹೋಗಬೇಕು" ಎನ್ನುವುದು ನಮ್ಮ ಮರ್ಯಾದೆ. ಸಾವಿನ ಮನೆಯಲ್ಲಿ ಮಾತೇ ಹೊರಡದಿದ್ದಾಗಲೂ ನೆರೆಯವರು ಒಂದು ಫ್ಲಾಸ್ಕ್ ಕಾಫಿ ತಂದಿಡುತ್ತಾರೆ. ಇದನ್ನೆಲ್ಲ ಹೀಗಳೆಯುವ ಉದ್ದೇಶ ಈ ಲೇಖನಕ್ಕಿಲ್ಲ.

ಒಂದು ವಸ್ತು ಒಳ್ಳೆಯದಾದರೂ ಅದನ್ನು ಯಾರು, ಯಾವಾಗ, ಎಷ್ಟು, ಏತಕ್ಕಾಗಿ ಬಳಸುತ್ತಾರೆ ಎನ್ನುವ ಪ್ರಶ್ನೆ ಉಳಿದೇ ಇರುತ್ತದೆ. ವಿವೇಕ, ನ್ಯಾಯ, ಧೈರ್ಯ, ಮಿತಸಂಯಮ ಎಂಬ ನಾಲ್ಕು ಮೂಲ ಸದ್ಗುಣಗಳಲ್ಲಿ ಕೊನೆಯದು ಇಂಥ ಪ್ರಶ್ನೆಗಳಿಗಾಗಿಯೇ ಇರುವುದು. ಮಿತಸಂಯಮವೆಂದರೆ ಸುಖವನ್ನು ದ್ವೇಷಿಸುವುದಲ್ಲ, ಸುಖವನ್ನು ಬುದ್ಧಿಯ ಮಾತು ಕೇಳುವಂತೆ ಇರಿಸಿಕೊಳ್ಳುವುದು.

ದೇಹದೊಳಗೆ ನಡೆಯುವುದು

ಬುದ್ಧಿ ಮಾತನಾಡಬೇಕಾದರೆ ಮೊದಲು ವಿಷಯ ತಿಳಿದಿರಬೇಕು. ಆದ್ದರಿಂದ ಸ್ವಲ್ಪ ವಿಜ್ಞಾನ ನೋಡೋಣ.

ಕಾಫಿಯಲ್ಲಿ ನಮ್ಮನ್ನು ಎಚ್ಚರವಾಗಿಡುವ ವಸ್ತುವಿನ ಹೆಸರು ಕೆಫೀನ್. ಜರ್ಮನಿಯ ಕವಿ ಗಯಟೆ ಕೊಟ್ಟ ಕಾಫಿಬೀಜಗಳಿಂದ ರುಂಗೆ ಎಂಬ ತರುಣ ರಸಾಯನ ವಿಜ್ಞಾನಿ 1819ರಲ್ಲಿ ಅದನ್ನು ಬೇರ್ಪಡಿಸಿದರು. ಚಹಾದಲ್ಲಿ, ಕೋಲಾ ಪಾನೀಯಗಳಲ್ಲಿ, ಚಾಕೊಲೇಟಿನಲ್ಲಿ ಕೂಡ ಇರುವುದು ಇದೇ ಕೆಫೀನ್.

ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸ್ವಲ್ಪ ಸ್ವಲ್ಪವಾಗಿ ಸೇರುತ್ತ ಹೋಗುತ್ತದೆ. "ಸಾಕು, ಇನ್ನು ಮಲಗು" ಎಂದು ದೇಹಕ್ಕೆ ಹೇಳುವುದು ಅದೇ. ಅಡೆನೊಸಿನ್ ಒಂದು ಕೀಲಿಕೈ ಎಂದುಕೊಳ್ಳಿ. ಮಿದುಳಿನಲ್ಲಿ ಅದಕ್ಕೆ ಹೊಂದುವ ಬೀಗಗಳಿವೆ. ಕೀಲಿ ಬೀಗದೊಳಗೆ ಹೋದಾಗ ನಿದ್ದೆ ಬರುತ್ತದೆ. ಕೆಫೀನ್ ಆ ಕೀಲಿಯ ಆಕಾರಕ್ಕೇ ಹತ್ತಿರವಿರುವ ವಸ್ತು. ಅದು ಬೀಗದ ಕಂಡಿಯಲ್ಲಿ ಹೋಗಿ ಕೂರುತ್ತದೆ, ಆದರೆ ಬೀಗವನ್ನು ತೆರೆಯುವುದಿಲ್ಲ. ನಿಜವಾದ ಕೀಲಿ ಹೊರಗೇ ನಿಲ್ಲುತ್ತದೆ.

ಹೀಗಾಗಿ ಕಾಫಿ ದಣಿವನ್ನು ತೆಗೆದುಹಾಕುವುದಿಲ್ಲ. ದಣಿವು ಇದೆ ಎಂಬ ಸುದ್ದಿ ನಮಗೆ ತಲುಪದ ಹಾಗೆ ಮಾಡುತ್ತದೆ, ಅಷ್ಟೆ. ನಿದ್ದೆಯ ಸಾಲ ಬೆಳೆಯುತ್ತಲೇ ಇರುತ್ತದೆ, ಸಾಲಗಾರ ಬಾಗಿಲು ತಟ್ಟುವ ಸದ್ದು ಮಾತ್ರ ಕೇಳಿಸುವುದಿಲ್ಲ.

ಕೆಫೀನ್ ಬೇಗನೆ ದೇಹವನ್ನು ಬಿಡುವುದೂ ಇಲ್ಲ. ಕುಡಿದದ್ದರಲ್ಲಿ ಅರ್ಧ ಕರಗಲು ಸಾಮಾನ್ಯವಾಗಿ ಸುಮಾರು ಐದು ಗಂಟೆ ಬೇಕು. ಕೆಲವರಲ್ಲಿ ಕಡಿಮೆ, ಕೆಲವರಲ್ಲಿ ಹೆಚ್ಚು. ನಮ್ಮ ಹುಡುಗ ಹನ್ನೊಂದಕ್ಕೆ ಕುಡಿದ ಲೋಟದಲ್ಲಿ 80 ಮಿಲಿಗ್ರಾಂ ಕೆಫೀನ್ ಇತ್ತೆಂದು ಇಟ್ಟುಕೊಳ್ಳಿ. ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ 40 ಉಳಿದಿರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ, ಅವನು ಶಾಲೆಯ ಬೆಂಚಿನ ಮೇಲೆ ಆಕಳಿಸುತ್ತಿರುವಾಗಲೂ, 20 ಉಳಿದಿರುತ್ತದೆ. ಅಷ್ಟರಲ್ಲಿ ಬೆಳಗಿನ ಕಾಫಿಯೂ ಅದಕ್ಕೆ ಸೇರಿರುತ್ತದೆ.

"ನನ್ನ ಮಗ ಕಾಫಿ ಕುಡಿದರೂ ಹಾಸಿಗೆ ಮೇಲೆ ಬಿದ್ದ ಕೂಡಲೇ ಮಲಗುತ್ತಾನೆ" ಎಂದು ಹೇಳುವವರಿದ್ದಾರೆ. ಅಮೆರಿಕದಲ್ಲಿ ವಯಸ್ಕರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಮಲಗುವ ಆರು ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ಕೊಟ್ಟಾಗ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಯಿತು. ಆ ಪ್ರಮಾಣ ದೊಡ್ಡದು, ನಿಜ. ಆದರೆ ಅಲ್ಲಿ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಉಪಕರಣ ಕಂಡುಹಿಡಿದ ಆ ನಷ್ಟ ಮಲಗಿದವರ ಗಮನಕ್ಕೇ ಬಂದಿರಲಿಲ್ಲ.

ಎಷ್ಟು ಜಾಸ್ತಿ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ, 150 ಮಿಲಿಲೀಟರಿನ ಒಂದು ಬಟ್ಟಲು ಪುಡಿಯಿಂದ ಇಳಿಸಿದ ಕಾಫಿಯಲ್ಲಿ 80ರಿಂದ 120, ದಿಢೀರ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ದಾಟಬಾರದು ಎಂದು ಅದೇ ಸಂಸ್ಥೆ ಎಚ್ಚರಿಸಿದೆ. ನಮ್ಮ ಮನೆಗಳ ಕಾಫಿಪುಡಿಗೆ ಚಿಕೋರಿ ಬೆರೆಸಿರುತ್ತಾರೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಹಾಲೂ ಹೆಚ್ಚಿರುವುದರಿಂದ ನಮ್ಮ ಲೋಟದಲ್ಲಿ ಸ್ವಲ್ಪ ಕಡಿಮೆಯೇ ಇರಬಹುದು. ಇನ್ನೊಂದು ಕಡೆ, ರೋಬಸ್ಟಾ ಬೀಜದಲ್ಲಿ ಅರೇಬಿಕಾ ಬೀಜದ ಸುಮಾರು ಎರಡು ಪಟ್ಟು ಕೆಫೀನ್ ಇದೆ ಎನ್ನುವುದನ್ನೂ ಮರೆಯಬಾರದು.

ಬೆಳೆಯುವ ಮಕ್ಕಳ ಲೆಕ್ಕ ಬೇರೆ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 3 ಮಿಲಿಗ್ರಾಂ ಎಂಬ ಮಿತಿಯನ್ನು ಸೂಚಿಸಿತು. 45 ಕಿಲೋ ತೂಗುವ ಒಂಬತ್ತನೆಯ ತರಗತಿಯ ಹುಡುಗಿಗೆ ಇದು 135 ಮಿಲಿಗ್ರಾಂ ಆಗುತ್ತದೆ. ಬೆಳಿಗ್ಗೆ ಒಂದು, ಶಾಲೆಯಿಂದ ಬಂದ ಮೇಲೆ ಒಂದು, ರಾತ್ರಿ ಓದಲು ಒಂದು ಲೋಟ ಕುಡಿದರೆ ಆ ಮಿತಿ ದಾಟುವುದು ಸುಲಭ. ನಡುವೆ ಗೆಳತಿಯರೊಡನೆ ಒಂದು ಬಾಟಲಿ ಕೋಲಾ ಸೇರಿದರೆ ಕೇಳುವುದೇ ಬೇಡ.

ಶಾಲೆಯ ಮೂಲೆಯಂಗಡಿಯಲ್ಲಿ ಸಿಗುವ ಶಕ್ತಿವರ್ಧಕ ಎಂದು ಹೇಳಿಕೊಳ್ಳುವ ಬಣ್ಣದ ಪಾನೀಯಗಳನ್ನೂ ನೋಡಿರುತ್ತೀರಿ. ಭಾರತದ ಆಹಾರ ಸುರಕ್ಷತಾ ನಿಯಮದಂತೆ ಇಂಥ ಪಾನೀಯದ ಒಂದು ಲೀಟರಿನಲ್ಲಿ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು. ಅಂದರೆ ಕಾಲು ಲೀಟರಿನ ಒಂದು ಬಾಟಲಿಯಲ್ಲಿ 75 ಮಿಲಿಗ್ರಾಂವರೆಗೆ. ಮಕ್ಕಳಿಗೆ ತಕ್ಕದ್ದಲ್ಲ ಎಂಬ ಎಚ್ಚರಿಕೆ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಆದರೆ ಅದನ್ನು ಓದುವವರು ಕಡಿಮೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಇವು ಮಕ್ಕಳ ಆಹಾರದಲ್ಲಿ ಇರಲೇಬಾರದು ಎಂದು ಹೇಳಿತು. ಪೋಲೆಂಡ್ ದೇಶ 2024ರ ಜನವರಿಯಿಂದ 18 ವರ್ಷದೊಳಗಿನವರಿಗೆ ಇವುಗಳ ಮಾರಾಟವನ್ನೇ ನಿಲ್ಲಿಸಿದೆ.

ಇನ್ನೊಂದು ಮಾತು ಹೆಣ್ಣುಮಕ್ಕಳ ತಾಯಂದಿರಿಗೆ. ಊಟ-ತಿಂಡಿಯ ಜೊತೆ ಕಾಫಿ ಚಹಾ ಕುಡಿದರೆ ಆಹಾರದಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡ 59 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ. ತಿಂಡಿ ತಿನ್ನಲು ಹೊತ್ತಿಲ್ಲವೆಂದು ಬರೀ ಕಾಫಿ, ಎರಡು ಬಿಸ್ಕತ್ತಿನ ಮೇಲೆ ಬಸ್ಸು ಹಿಡಿಯುವ ಹುಡುಗಿಗೆ ದಣಿವು ಬಂದರೆ, ಆ ದಣಿವಿಗೆ ಮತ್ತೆ ಕಾಫಿಯನ್ನೇ ಔಷಧಿಯಾಗಿ ಕೊಡುತ್ತೇವೆ. ಊಟಕ್ಕೆ ಒಂದು ಗಂಟೆ ಮೊದಲು ಹಾಗೂ ಒಂದು ಗಂಟೆ ನಂತರ ಕಾಫಿ ಚಹಾ ಬೇಡ ಎಂದು ಪೋಷಣಾ ಸಂಸ್ಥೆ ಹೇಳಿರುವುದು ಇದಕ್ಕಾಗಿಯೇ.

ಶುಭ ಶುಕ್ರವಾರದ ತಲೆನೋವು

ಅಭ್ಯಾಸ ಯಾವಾಗ ಹಿಡಿತವಾಗುತ್ತದೆ? ಇದಕ್ಕೆ ಉತ್ತರ ನಿಮ್ಮ ಅನುಭವದಲ್ಲೇ ಇರಬಹುದು.

ಶುಭ ಶುಕ್ರವಾರದಂದು ಉಪವಾಸವಿರುವ ಹಲವರಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯತೊಡಗುತ್ತದೆ. ಶಿಲುಬೆ ಹಾದಿಯ ಪ್ರಾರ್ಥನೆಯಲ್ಲಿ ನಿಲ್ಲುವುದೇ ಕಷ್ಟವಾಗುತ್ತದೆ. "ಹೊಟ್ಟೆ ಖಾಲಿ, ಬಿಸಿಲು ಬೇರೆ" ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಹಸಿವು, ಬಿಸಿಲು ಎರಡೂ ಕಾರಣವಿರಬಹುದು. ಆದರೆ ಹಿಂದಿನ ಸಂಜೆ ಕುಡಿದ ಕಾಫಿಯೇ ಕೊನೆಯದಾಗಿದ್ದರೆ ಇನ್ನೊಂದು ಕಾರಣವೂ ಇದೆ. ದಿನವೂ ಕೆಫೀನ್ ಪಡೆಯುವ ದೇಹಕ್ಕೆ ಅದು ಸಿಗದಿದ್ದರೆ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಕು, ಸಿಡುಕು, ಗಮನ ಕೊಡಲಾಗದ ಸ್ಥಿತಿ ಶುರುವಾಗುತ್ತವೆ. ಒಂದೆರಡು ದಿನಗಳಲ್ಲಿ ಅದು ಏರಿ, ಎರಡರಿಂದ ಒಂಬತ್ತು ದಿನಗಳವರೆಗೆ ಇರಬಹುದು. ದಿನಕ್ಕೆ 100 ಮಿಲಿಗ್ರಾಂ ಕುಡಿಯುವವರಲ್ಲೂ ಇದು ಕಂಡುಬಂದಿದೆ. ಬೀಗಗಳನ್ನು ದಿನವೂ ಮುಚ್ಚಿಟ್ಟರೆ ಮಿದುಳು ಹೊಸ ಬೀಗಗಳನ್ನು ಮಾಡಿಕೊಳ್ಳುತ್ತದೆ. ಆಗ ಮೊದಲಿನ ಒಂದು ಲೋಟ ಸಾಲದೆ ಎರಡು ಬೇಕಾಗುತ್ತದೆ.

ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಕೆಫೀನ್ ಬಿಟ್ಟಾಗ ಆಗುವ ಈ ಬಾಧೆಯನ್ನು ಒಂದು ಕಾಯಿಲೆಯ ಸ್ಥಿತಿಯೆಂದು ಸೇರಿಸಿದೆ. ಆದರೆ ಕೆಫೀನ್ ಚಟವನ್ನು ಇನ್ನೂ ಅಧ್ಯಯನ ಆಗಬೇಕಾದ ವಿಷಯ ಎಂದು ಮಾತ್ರ ಹೇಳಿದೆ. ಆದ್ದರಿಂದ ಕಾಫಿ ಕುಡಿಯುವವರನ್ನೆಲ್ಲ ಕುಡುಕರ ಸಾಲಿಗೆ ಸೇರಿಸುವುದು ತಪ್ಪು. ಹೆಂಡ ಮನೆಯನ್ನು ಹಾಳುಮಾಡುತ್ತದೆ. ಕಾಫಿ ಹಾಗೆ ಮಾಡುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮಕ್ಕಳು ನಮ್ಮ ಮಾತನ್ನು ನಂಬುವುದನ್ನೇ ಬಿಡುತ್ತಾರೆ. ಕಾಫಿ ಕುಡಿದರೆ ಮಕ್ಕಳು ಕುಳ್ಳಾಗಿಯೇ ಉಳಿಯುತ್ತಾರೆ, ಕಪ್ಪಾಗುತ್ತಾರೆ ಎಂದು ಹಿಂದೆ ಹೆದರಿಸುತ್ತಿದ್ದರು. ಅವೆರಡೂ ನಿಜವಲ್ಲ. ಸುಳ್ಳು ಹೇಳಿ ಒಳ್ಳೆಯದನ್ನು ಕಲಿಸಲಾಗದು.

ಹಾಗಾದರೆ ತೊಂದರೆ ಎಲ್ಲಿದೆ? ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆರನೆಯ ಅಧ್ಯಾಯದಲ್ಲಿ ಒಂದು ಮುಖ್ಯ ಅಂತರವನ್ನು ಗುರುತಿಸುತ್ತಾರೆ. ಅನುಮತಿ ಇರುವುದು ಬೇರೆ, ಅದಕ್ಕೆ ಅಡಿಯಾಳಾಗುವುದು ಬೇರೆ. ನಮ್ಮ ವಿಷಯಕ್ಕೆ ಇದು ನೇರವಾಗಿ ಹೊಂದುತ್ತದೆ. ಕಾಫಿ ಕುಡಿಯುವ ಸ್ವಾತಂತ್ರ್ಯ ಇದೆ ಎನ್ನುವವನಿಗೆ ಕುಡಿಯದಿರುವ ಸ್ವಾತಂತ್ರ್ಯವೂ ಇರಬೇಕಲ್ಲವೇ? "ಕಾಫಿ ಇಲ್ಲದೆ ನನಗೆ ಏನೂ ಓಡುವುದಿಲ್ಲ" ಎಂದು ಐವತ್ತರ ಯಜಮಾನರು ಹೇಳಿದರೆ ನಗಬಹುದು. ಅವರು ತಿಳಿದೇ ಆರಿಸಿಕೊಂಡ ಅಭ್ಯಾಸ ಅದು. ಹದಿನಾಲ್ಕರ ಹುಡುಗ ಅದನ್ನೇ ಹೇಳಿದರೆ ನಗು ಬರುವುದಿಲ್ಲ. ಆರಿಸಿಕೊಳ್ಳುವುದು ಏನೆಂದು ತಿಳಿಯುವ ಮೊದಲೇ ಅವನ ಪರವಾಗಿ ಯಾರೋ ಆರಿಸಿಬಿಟ್ಟಿದ್ದಾರೆ.

ಇಲ್ಲಿ ಇನ್ನೊಂದು ವಿಚಾರವೂ ಇದೆ. ದಿನವೂ ಕುಡಿಯುವವರಿಗೆ ಬೆಳಗಿನ ಲೋಟದಿಂದ ಸಿಗುವ ಹುರುಪಿನಲ್ಲಿ ಬಹುಪಾಲು, ರಾತ್ರಿಯಿಂದ ಕಾಫಿ ಇಲ್ಲದೆ ಬಂದ ಮಂಕು ಕಳೆಯುವುದರಿಂದ ಬರುವಂಥದ್ದು ಎಂದು ಹಲವು ಸಂಶೋಧಕರು ಹೇಳುತ್ತಾರೆ. ಅಂದರೆ ಕಾಫಿ ತಾನೇ ಕಿತ್ತುಕೊಂಡದ್ದನ್ನು ತಾನೇ ಹಿಂದಿರುಗಿಸಿ ಉಪಕಾರಿಯೆನಿಸಿಕೊಳ್ಳುತ್ತದೆ. ಹದಿಹರೆಯದಲ್ಲಿ ಕಾಫಿಯಿಲ್ಲದೆಯೇ ಹುರುಪು ಇರಬೇಕು. ಅದನ್ನು ಅಡವಿಟ್ಟು ಮತ್ತೆ ಬಿಡಿಸಿಕೊಳ್ಳುವ ಗೋಜು ಆ ವಯಸ್ಸಿಗೇಕೆ?

"ನೀವು ಕುಡಿಯುವುದಿಲ್ಲವೇ?"

ಹೀಗೆ ಹೇಳಲು ಹೊರಟ ತಂದೆಗೆ ಮಗಳು ಕೇಳುವ ಮೊದಲ ಪ್ರಶ್ನೆ ಇದೇ. "ಅಪ್ಪಾ, ನೀವು ದಿನಕ್ಕೆ ಐದು ಸಲ ಕುಡಿಯುತ್ತೀರಲ್ಲ?"

ಈ ಪ್ರಶ್ನೆ ಇಂದಿನದಲ್ಲ. ಸುಮಾರು 1734ರ ಹೊತ್ತಿಗೆ ಜರ್ಮನಿಯ ಲೈಪ್‌ಸಿಗ್ ನಗರದಲ್ಲಿ ಮಹಾ ಸಂಗೀತಗಾರ ಬಾಕ್ ಅವರು ಕಾಫಿಯ ಬಗ್ಗೆಯೇ ಒಂದು ಹಾಸ್ಯ ಸಂಗೀತ ಕೃತಿಯನ್ನು ರಚಿಸಿದರು. ಚರ್ಚಿನ ಆರಾಧನೆಗೆ ಅಷ್ಟೊಂದು ಭಕ್ತಿಸಂಗೀತ ಬರೆದ ಅದೇ ಬಾಕ್. ಅದರಲ್ಲಿ ಒಬ್ಬ ಸಿಡುಕಿನ ತಂದೆ, ಕಾಫಿ ಬಿಡಲಾರದ ಮಗಳು. ತಂದೆ ಬೈಯುತ್ತಾನೆ, ಹೊಸ ಬಟ್ಟೆ ಕೊಡಿಸುವುದಿಲ್ಲ, ಹೊರಗೆ ಕಳಿಸುವುದಿಲ್ಲ ಎಂದು ಹೆದರಿಸುತ್ತಾನೆ. ಮಗಳು ಯಾವುದಕ್ಕೂ ಜಗ್ಗುವುದಿಲ್ಲ. ಮದುವೆ ಮಾಡುವುದಿಲ್ಲ ಎಂದಾಗ ಮಾತ್ರ ಒಪ್ಪಿದಂತೆ ನಟಿಸಿ, ತನಗೆ ಕಾಫಿ ಕುಡಿಯಲು ಬಿಡುವವನನ್ನೇ ಮದುವೆಯಾಗುವುದಾಗಿ ಗುಟ್ಟಾಗಿ ಷರತ್ತು ಹಾಕುತ್ತಾಳೆ. ಕೊನೆಗೆ ಎಲ್ಲರೂ ಸೇರಿ ಹಾಡುವ ಸಾರಾಂಶ ಹೀಗಿದೆ: ತಾಯಿಗೂ ಅಜ್ಜಿಗೂ ಕಾಫಿ ಬೇಕು, ಇನ್ನು ಮಗಳನ್ನು ದೂರುವವರು ಯಾರು?

ಸುಮಾರು ಮುನ್ನೂರು ವರ್ಷಗಳ ಹಿಂದಿನ ಆ ತಂದೆಯ ಸೋಲಿನಿಂದ ನಾವು ಕಲಿಯಬೇಕಾದದ್ದು ಎರಡು. ಮೊದಲನೆಯದು, ಬೈಗುಳ-ಬೆದರಿಕೆಯಿಂದ ಮಕ್ಕಳು ಸುಳ್ಳು ಹೇಳಲು ಕಲಿಯುತ್ತಾರೆ, ಸಂಯಮ ಕಲಿಯುವುದಿಲ್ಲ. ಮನೆಯಲ್ಲಿ ಬಿಟ್ಟ ಲೋಟವನ್ನು ಕ್ಯಾಂಟೀನಿನಲ್ಲಿ ಕುಡಿಯುತ್ತಾರೆ. ಎರಡನೆಯದು, ದೊಡ್ಡವರ ಕೈಯಲ್ಲಿ ಲೋಟ ಇರುವಾಗ ಅವರ ಬಾಯಿಯ ಬುದ್ಧಿಮಾತು ಮಕ್ಕಳ ಕಿವಿಗೆ ಹೋಗುವುದಿಲ್ಲ.

ಆದರೆ ಇಷ್ಟಕ್ಕೇ ತಂದೆ ಬಾಯಿ ಮುಚ್ಚಿಕೊಂಡಿರಬೇಕು ಎಂದಲ್ಲ. ತನ್ನಲ್ಲಿರುವ ದೌರ್ಬಲ್ಯವನ್ನು ಮಗುವಿನಲ್ಲಿ ಬೇಡವೆನ್ನುವುದು ಕಪಟವಲ್ಲ. ಅದನ್ನು ಮುಚ್ಚಿಟ್ಟುಕೊಂಡು ಬುದ್ಧಿ ಹೇಳುವುದು ಕಪಟ. "ನನಗೆ ಇದು ಅಂಟಿಕೊಂಡಿದೆ ಮಗಳೇ, ಬಿಟ್ಟರೆ ತಲೆನೋವು ಬರುತ್ತೆ. ನಿನಗೆ ಹಾಗಾಗುವುದು ಬೇಡ ಅಂತ ಹೇಳ್ತಿದೀನಿ. ಬಾ, ಇಬ್ಬರೂ ಕಡಿಮೆ ಮಾಡೋಣ" ಎನ್ನುವ ತಂದೆಯ ಮಾತಿಗೆ ಬೇರೆಯೇ ತೂಕವಿದೆ.

ಮಗುವನ್ನು ಎಚ್ಚರವಾಗಿಡಲು ಹೇಳಿದವರು ಯಾರು?

ಈಗ ಮತ್ತೆ ರಾತ್ರಿ ಹನ್ನೊಂದರ ಆ ಲೋಟಕ್ಕೆ ಬರೋಣ. ನಿಜವಾದ ಪ್ರಶ್ನೆ ಅಲ್ಲೇ ಇದೆ.

ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎಂದು ನಿದ್ರಾತಜ್ಞರು ಹೇಳುತ್ತಾರೆ. ಆ ವಯಸ್ಸಿನಲ್ಲಿ ದೇಹದ ಒಳಗಡಿಯಾರವೇ ತಡವಾಗಿ ನಡೆಯುತ್ತದೆ. ರಾತ್ರಿ ಬೇಗ ನಿದ್ದೆ ಬಾರದು, ಬೆಳಿಗ್ಗೆ ಬೇಗ ಎಚ್ಚರವಾಗದು. ಅದು ಸೋಮಾರಿತನವಲ್ಲ. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದೂ ನಿದ್ದೆಯಲ್ಲೇ. ಹೀಗಿರುವಾಗ ನಿದ್ದೆ ತಳ್ಳಿ ಓದಿಸುವುದೆಂದರೆ ತೂತಿನ ಕೊಡಕ್ಕೆ ನೀರು ಸೇದಿದ ಹಾಗೆ.

ಇದು ಎಷ್ಟೋ ತಾಯಂದಿರಿಗೆ ತಿಳಿಯದ ವಿಷಯವೇನಲ್ಲ. ಆದರೂ ಲೋಟ ಮೇಜಿಗೆ ಬರುತ್ತದೆ. ಏಕೆಂದರೆ ಪಕ್ಕದ ಮನೆಯ ಹುಡುಗನ ಕೋಣೆಯಲ್ಲಿ ಇನ್ನೂ ದೀಪ ಉರಿಯುತ್ತಿದೆ. ಬೆಳಿಗ್ಗೆ ಆರಕ್ಕೆ ಟ್ಯೂಷನ್, ಸಂಜೆ ಮತ್ತೆ ಟ್ಯೂಷನ್. ಒಂದೊಂದು ಅಂಕಕ್ಕೂ ಸಾವಿರಾರು ಮಂದಿ ಹಿಂದೆ ಬೀಳುವ ಪ್ರವೇಶ ಪರೀಕ್ಷೆಗಳು. "ಈ ಎರಡು ವರ್ಷ ಕಷ್ಟಪಟ್ಟರೆ ಜೀವನಪೂರ್ತಿ ಸುಖ" ಎಂದು ಎಲ್ಲರೂ ಹೇಳುತ್ತಾರೆ. ಆ ಭಯ ಸುಳ್ಳಲ್ಲ. ಸಾಲ ಮಾಡಿ ಫೀಸು ಕಟ್ಟಿದ ಬಡ ತಂದೆಗೆ "ಅಂಕ ಮುಖ್ಯವಲ್ಲ" ಎಂದು ಉಪದೇಶಿಸುವುದು ಸುಲಭ, ಕೇಳುವುದು ಕಷ್ಟ.

ಆದರೂ ಕೇಳಿಕೊಳ್ಳಲೇಬೇಕು. ಮಗುವಿನ ದೇಹ "ದಣಿದಿದ್ದೇನೆ" ಎಂದು ಹೇಳುವುದು ಒಂದು ಸತ್ಯವಾದ ಮಾತು. ಆ ಮಾತನ್ನು ಕಾಫಿಯಿಂದ ಅಡಗಿಸುವಾಗ, ದೇಹದ ಮಾತು ಕೇಳಬೇಡ ಎಂದು ನಾವು ಮಗುವಿಗೆ ಕಲಿಸುತ್ತಿದ್ದೇವೆ. ಸೋತಾಗ ನಿಲ್ಲಬೇಡ, ಏನಾದರೂ ಕುಡಿದು ಮುಂದೆ ಹೋಗು ಎನ್ನುತ್ತಿದ್ದೇವೆ. ಇಂದು ಆ "ಏನಾದರೂ" ಕಾಫಿ. ನಾಳೆ ಹಾಸ್ಟೆಲಿನಲ್ಲಿ, ನಾಡಿದ್ದು ರಾತ್ರಿಪಾಳಿಯ ಕೆಲಸದಲ್ಲಿ, ಬೇಸರವಾದಾಗ, ಭಯವಾದಾಗ ಅವನ ಕೈ ಯಾವುದರ ಕಡೆಗೆ ಚಾಚೀತು? ಕಾಫಿ ಕುಡಿದವರೆಲ್ಲ ಮುಂದೆ ಕೆಟ್ಟ ಚಟಕ್ಕೆ ಬೀಳುತ್ತಾರೆ ಎಂದು ನಾನು ಹೇಳುತ್ತಿಲ್ಲ. ಅದು ಸತ್ಯವೂ ಅಲ್ಲ. ಆದರೆ ಕಷ್ಟಕ್ಕೆ ಉತ್ತರ ಲೋಟದಲ್ಲಿದೆ, ಬಾಟಲಿಯಲ್ಲಿದೆ, ಮಾತ್ರೆಯಲ್ಲಿದೆ ಎಂಬ ಪಾಠ ಮನೆಯಲ್ಲಿ ಆರಂಭವಾಗುವುದು ಬೇಡ.

ಈ ತಪ್ಪನ್ನು ತಾಯಿಯೊಬ್ಬಳ ಮೇಲೆ ಹೊರಿಸುವುದೂ ಅನ್ಯಾಯ. ಹೆಚ್ಚು ಹೆಚ್ಚು ಮನೆಪಾಠ ಕೊಡುವ ಶಾಲೆ, ನೂರಕ್ಕೆ ನೂರು ಫಲಿತಾಂಶದ ಫಲಕ ತೂಗುಹಾಕುವ ನಾವೆಲ್ಲ, "ನಿನ್ನ ಪರ್ಸೆಂಟೇಜ್ ಎಷ್ಟು?" ಎಂದು ಮದುವೆಮನೆಯಲ್ಲೂ ಮಕ್ಕಳನ್ನು ಕೇಳುವ ನೆಂಟರು, ಎಲ್ಲರ ಪಾಲೂ ಆ ಲೋಟದಲ್ಲಿದೆ.

ನಾವು ಮಾಡಬಹುದಾದದ್ದು

ಮೊದಲು, ಈಗಾಗಲೇ ದಿನಕ್ಕೆ ಮೂರು ನಾಲ್ಕು ಲೋಟಕ್ಕೆ ಒಗ್ಗಿರುವ ಮಕ್ಕಳನ್ನು ಒಮ್ಮೆಲೇ ನಿಲ್ಲಿಸಬೇಡಿ. ಅದರಲ್ಲೂ ಪರೀಕ್ಷೆಯ ವಾರದಲ್ಲಿ ಬೇಡವೇ ಬೇಡ. ತಲೆನೋವು, ಸಿಡುಕು ಆಗಲೇ ಬಂದು ಕೂರುತ್ತವೆ. ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿ. ಡಿಕಾಕ್ಷನ್ ಇಳಿಸಿ ಹಾಲು ಹೆಚ್ಚಿಸಿ. ಮೊದಲು ಬಿಡಬೇಕಾದದ್ದು ರಾತ್ರಿಯ ಲೋಟ, ಆಮೇಲೆ ಸಂಜೆಯದು. ಬೆಳಗಿನದು ಕೊನೆಗೆ. ಮಧ್ಯಾಹ್ನದ ನಂತರ ಕಾಫಿ ಇಲ್ಲ ಎಂಬ ಒಂದೇ ನಿಯಮ ಪಾಲಿಸಿದರೂ ಅರ್ಧ ಕೆಲಸ ಮುಗಿಯಿತು.

ಕಾಫಿಯ ಜಾಗದಲ್ಲಿ ಬರೀ "ಬೇಡ" ಎಂಬ ಮಾತನ್ನಿಡಬೇಡಿ. ರಾಗಿ ಗಂಜಿ, ಮಜ್ಜಿಗೆ, ಜೀರಿಗೆ ಕಷಾಯ, ಬಿಸಿ ಹಾಲು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಬೆಳಿಗ್ಗೆ ಹೊಟ್ಟೆಗೆ ತಿಂಡಿ ಬಿದ್ದರೆ ಕಾಫಿಯ ಅವಸರ ತಾನಾಗಿಯೇ ಕಡಿಮೆಯಾಗುತ್ತದೆ. ನೆಂಟರ ಮನೆಯಲ್ಲಿ ಪ್ರೀತಿಯಿಂದ ಕೊಟ್ಟ ಅರ್ಧ ಲೋಟವನ್ನು ಬೇಡವೆಂದು ತಳ್ಳುವ ಅಗತ್ಯವೂ ಇಲ್ಲ. ಮಿತಸಂಯಮ ಕಲಿತವರಿಗೆ ಅಷ್ಟು ಸಡಿಲ ಇರುತ್ತದೆ. ಮೈಗ್ರೇನ್, ಎದೆಬಡಿತ, ನಿದ್ದೆ ಬಾರದಿರುವಿಕೆ ಇರುವ ಮಕ್ಕಳಾದರೆ ವೈದ್ಯರ ಸಲಹೆ ಕೇಳಿ.

ತಪಸ್ಸುಕಾಲದಲ್ಲಿ ಏನನ್ನಾದರೂ ಬಿಡಬೇಕೆಂದು ಯೋಚಿಸುವ ಮನೆಯವರು ಈ ಸಲ ಎಲ್ಲರೂ ಸೇರಿ ಸಂಜೆಯ ಕಾಫಿಯನ್ನು ಬಿಟ್ಟು ನೋಡಬಹುದು. ಮಕ್ಕಳಿಗೆ ಮಾತ್ರ ಹೇಳುವುದಲ್ಲ, ಅಪ್ಪ ಅಮ್ಮ ಅಜ್ಜಿಯೂ ಸೇರಿ. ಬಿಡುವುದು ಎಷ್ಟು ಕಷ್ಟ ಎಂಬುದು ಆಗ ತಿಳಿಯುತ್ತದೆ. ಚಟಕ್ಕೆ ಬಿದ್ದು ಒದ್ದಾಡುವ ಬೇರೆಯವರ ಬಗ್ಗೆ ನಾವು ಆಡುವ ಗಡಸು ಮಾತುಗಳೂ ಸ್ವಲ್ಪ ಮೆತ್ತಗಾಗಬಹುದು.

ಇದನ್ನು ಓದುತ್ತಿರುವ ಹುಡುಗ ಹುಡುಗಿಯರೇ, ನಿಮಗೂ ಒಂದು ಮಾತು. "ನನಗೆ ಬೇಕೆನಿಸಿದಾಗ ಬಿಡಬಲ್ಲೆ" ಎಂದು ನೀವು ಹೇಳುವುದನ್ನು ನಾನು ಸುಳ್ಳೆನ್ನುವುದಿಲ್ಲ. ನೀವೇ ಪರೀಕ್ಷಿಸಿಕೊಳ್ಳಿ. ಪರೀಕ್ಷೆ ಇಲ್ಲದ ಒಂದು ವಾರ ಆರಿಸಿಕೊಂಡು, ಏಳು ದಿನ ಕಾಫಿ, ಚಹಾ, ಕೋಲಾ ಇಲ್ಲದೆ ಇದ್ದು ನೋಡಿ. ಏನೂ ಆಗದಿದ್ದರೆ ಸಂತೋಷ. ಎರಡನೆಯ ದಿನ ತಲೆ ನೋಯತೊಡಗಿ, ತಮ್ಮನ ಮೇಲೆ ಸುಮ್ಮಸುಮ್ಮನೆ ರೇಗಿದರೆ, ಯಾರು ಯಾರ ಯಜಮಾನ ಎನ್ನುವುದು ನಿಮಗೇ ಗೊತ್ತಾಗುತ್ತದೆ. ಅದಕ್ಕಾಗಿ ನಾಚಿಕೆಪಡಬೇಕಿಲ್ಲ. ತಿಳಿದುಕೊಂಡರೆ ಸಾಕು.

ತಾಯಂದಿರೇ, ತಂದೆಯರೇ, ಮುಂದಿನ ಬಾರಿ ರಾತ್ರಿ ಹನ್ನೊಂದಕ್ಕೆ ಮಗು ಪುಸ್ತಕದ ಮುಂದೆ ತೂಕಡಿಸುವಾಗ ಅಡುಗೆಮನೆಗೆ ಹೋಗುವ ಮೊದಲು ಒಂದು ನಿಮಿಷ ಅಲ್ಲೇ ನಿಲ್ಲಿ. ಅವನ ತಲೆಯ ಮೇಲೆ ಕೈಯಿಟ್ಟು, ಪುಸ್ತಕ ಮುಚ್ಚಿ, "ಸಾಕು ಮಗಾ, ಮಲಗು. ಉಳಿದದ್ದು ಬೆಳಿಗ್ಗೆ ನೋಡೋಣ" ಎಂದು ಹೇಳಿ. ಒಂದು ಪಾಠ ಉಳಿದೀತು, ನಾಲ್ಕು ಅಂಕ ಕಡಿಮೆಯಾದರೂ ಆದೀತು. ಆದರೆ ಅಂಕಕ್ಕಿಂತ ತಾನೇ ಈ ಮನೆಗೆ ಹೆಚ್ಚಿನವನು ಎನ್ನುವುದು ಆ ಮಗುವಿಗೆ ತಿಳಿಯುತ್ತದೆ. ಆಮೇಲೆ ದೀಪ ಆರಿಸಿ ನೀವೂ ಮಲಗಿ. ನೀವೂ ದಣಿದಿದ್ದೀರಿ.